ಎಂಟನೆಯ ಅಧ್ಯಾಯದ ಶಿವಾಜಿ

ಹೊಳಿಓಣಿಯ ಮೂವತ್ತೆಂಟು ಮನೆಗಳಲ್ಲಿ ಶಿವಾಜಿ ಮೂವತ್ತೇಳು ಮನೆಗೆ ಹೇಳಿದ. ಒಂದು ಮನೆ ಬಿಟ್ಟ.

ಎರಡು ಸಾವಿರದ ಐದನೆಯ ಇಸವಿಯ ಶ್ರಾವಣ ಅದು. ಮೇಲಿನ ಸೀಮೆಯಲ್ಲಿ ಹತ್ತು ದಿನ ಬಿಡದೆ ಮಳೆ ಹೊಡೆದು ಕೃಷ್ಣೆ ದಂಡೆ ಮೀರುವ ಹವಣಿಕೆಯಲ್ಲಿದ್ದಳು. ಸಂಜೆಯೊಳಗೆ ಇನ್ನಷ್ಟು ನೀರು ಬರುತ್ತದೆ, ತಗ್ಗಿನ ಓಣಿಗಳವರು ಊರ ಮೇಲಿನ ಶಾಲೆಗೆ ಹೋಗಬೇಕು ಎಂದು ಜಮಖಂಡಿಯ ತಹಶೀಲ್ದಾರ ಕಚೇರಿಯಿಂದ ಹುಕುಂ ಆಗಿತ್ತು. ಅಲ್ಲಿ ಗುಮಾಸ್ತನಾಗಿದ್ದ ಶಿವಾಜಿಯ ಕೈಗೆ ಸಾಹೇಬರು ರಬಕವಿಯ ಹೊಳಿಓಣಿಯ ಪಟ್ಟಿ ಕೊಟ್ಟು, ನಿನ್ನ ಹುಟ್ಟಿದ ಓಣಿಯೇ ಅಲ್ಲವೇನೋ, ನಿನ್ನ ಮಾತು ಕೇಳುತ್ತಾರೆ ಹೋಗು ಎಂದು ಕಳಿಸಿದ್ದರು. ಮನೆಮನೆಗೆ ಹೇಳಿ, ಹೇಳಿದ್ದಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು ತರಬೇಕು.

ಮೂವತ್ತೇಳು ಗೆರೆ ತುಂಬಿದ್ದವು. ಕೊನೆಯ ಗೆರೆಯ ಎದುರಿಗೆ ಯಂಕವ್ವನ ಹೆಸರಿತ್ತು. ಓಣಿಯ ತುದಿಗೆ, ಹೊಳೆಗೆ ಬೆನ್ನು ಮಾಡಿಕೊಂಡು ನಿಂತ ಮನೆ ಅವಳದು. ಶಿವಾಜಿ ಅದರ ಎದುರಿನ ಮನೆಯವರೆಗೆ ಹೋದ, ಅಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ, ಅವಳ ಬಾಗಿಲು ಕಣ್ಣಿಗೆ ಬಿತ್ತು, ಕಾಲು ಹಿಂದಕ್ಕೆ ತಿರುಗಿತು. ಯಾರಾದರೂ ಹೇಳುತ್ತಾರೆ ಎಂದುಕೊಂಡ. ಓಣಿಯವರೋ, ಸರಕಾರದವನು ಪಟ್ಟಿ ಹಿಡಿದು ಬಂದಿದ್ದಾನೆ, ಅವನು ಹೇಳಿರುತ್ತಾನೆ ಎಂದು ತಮ್ಮ ತಮ್ಮ ಮಗ್ಗದ ಮೋಟರು, ಸೀರೆಯ ಗಂಟು ಎತ್ತುವುದರಲ್ಲಿ ಮುಳುಗಿದ್ದರು. ಯಂಕವ್ವನ ಮಗ ಬಾಡಗಂಡಿಯ ಸಕ್ಕರೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ, ರವಿವಾರಕ್ಕೊಮ್ಮೆ ಬರುತ್ತಿದ್ದ. ಆಕೆಯ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಐದು ದಿನದ ಹಿಂದೆ ಆಪರೇಶನ್ ಆಗಿ ಪಟ್ಟಿ ಕಟ್ಟಿದ್ದರು.

ಆ ಬಾಗಿಲಿಗೆ ಶಿವಾಜಿ ಯಾಕೆ ಹೋಗಲಿಲ್ಲ ಎನ್ನುವುದನ್ನು ಹೇಳಬೇಕಾದರೆ ಓಣಿಯ ಸಪ್ತಾಹದಿಂದ ಶುರುಮಾಡಬೇಕು.

ಓಣಿಯ ನಡುವೆ ಎತ್ತರದ ಕಟ್ಟೆಯ ಮೇಲೆ ವಿಠೋಬಾನ ಗುಡಿ. ಶ್ರಾವಣದಲ್ಲಿ ಅಲ್ಲಿ ಏಳು ದಿನ ಪೋಥಿ, ಅಂದರೆ ಭಕ್ತರ ಕಥೆಯ ಹೊತ್ತಿಗೆ, ಓದುತ್ತಾರೆ. ಇಪ್ಪತ್ತೊಂದು ಅಧ್ಯಾಯ, ದಿನಕ್ಕೆ ಮೂರು. ಗುಡಿ ಕಟ್ಟಿಸಿದ ನೇಕಾರ ಅಜ್ಜ ತನ್ನ ಕೈಯಿಂದಲೇ ಬರೆದಿಟ್ಟ ಪೋಥಿ ಅದು. ಓಣಿಯ ಆಚೆ ಅದರ ಸುದ್ದಿ ಯಾರಿಗೂ ಗೊತ್ತಿಲ್ಲ, ಓಣಿಯ ಒಳಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಆ ಏಳು ದಿನವೂ ಒಬ್ಬ ಗಂಡಸು ಕೊರಳಿಗೆ ವೀಣಾ ಹಾಕಿಕೊಂಡು ದೇವರೆದುರು ನಿಂತಿರಬೇಕು. ವೀಣಾ ಎಂದರೆ ತಂಬೂರಿಯಂಥದ್ದು, ರಾಗ ಬೇಕಿಲ್ಲ, ತಂತಿಗೆ ಬೆರಳು ತಾಗುತ್ತಿದ್ದರೆ ಆಯಿತು. ಅದು ಒಂದು ಕೊರಳಿನಿಂದ ಇನ್ನೊಂದು ಕೊರಳಿಗೆ ಹೋಗಬೇಕೇ ಹೊರತು ನೆಲ ಮುಟ್ಟುವಂತಿಲ್ಲ, ಗೂಟಕ್ಕೆ ತೂಗುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಓದುವವರಿಗೂ ಒಂದು ಕಟ್ಟಳೆ. ಅಧ್ಯಾಯ ಹಿಡಿದ ಮೇಲೆ ಅದು ಮುಗಿಯುವತನಕ ಪೋಥಿಯ ಮಾತಲ್ಲದೆ ಸ್ವಂತದ ಮಾತು ಒಂದೂ ಬಾಯಿಂದ ಬರಕೂಡದು.

ಯಾರು ಯಾವ ಹೊತ್ತಿಗೆ ವೀಣಾ ಹಿಡಿಯಬೇಕು ಎನ್ನುವುದು ಅಜ್ಜಂದಿರ ಕಾಲಕ್ಕೇ ಗೊತ್ತಾಗಿಹೋಗಿತ್ತು. ಅದಕ್ಕೆ ಪಹರೆ ಎನ್ನುತ್ತಾರೆ. ಅಪ್ಪನ ಪಹರೆ ಮಗನಿಗೆ, ಪಹರೆಯ ಜೊತೆಗೆ ಆ ಹೊತ್ತಿನ ಅಧ್ಯಾಯವೂ ಮಗನಿಗೆ. ಹಾಗಾಗಿ ಓಣಿಯಲ್ಲಿ ಮನುಷ್ಯರನ್ನು ಅಧ್ಯಾಯದಿಂದಲೇ ಗುರುತಿಸುವುದುಂಟು. ಮೂರನೆಯ ದಿನದ ಮಧ್ಯಾಹ್ನ ಒಂದರಿಂದ ಮೂರು ಗಂಟೆ ಶಿವಾಜಿಯ ಮನೆತನದ್ದು, ಅವನು ಎಂಟನೆಯ ಅಧ್ಯಾಯದ ಶಿವಾಜಿ. ಮೂರಕ್ಕೆ ಬಂದು ವೀಣಾ ಇಸಿದುಕೊಳ್ಳುವವನು ಗಿರಿಮಲ್ಲಪ್ಪ, ಒಂಬತ್ತನೆಯವನು. ವೀಣಾ ಕೊರಳು ಬದಲಿಸದೆ ಹೊಸ ಅಧ್ಯಾಯ ಶುರುವಾಗುವುದಿಲ್ಲ.

ಶಿವಾಜಿ ಸಣ್ಣವನಿದ್ದಾಗಲೇ ಜಮಖಂಡಿಯ ಸೋದರಮಾವನ ಮನೆಯಲ್ಲಿದ್ದು ಸಾಲಿ ಕಲಿತ, ಅಲ್ಲೇ ನೌಕರಿ ಹಿಡಿದ. ಮದುವೆಯಾದ ಮೇಲೆ ಹೆಂಡತಿ ಅಂಜನಾ ಓಣಿಯ ಮನೆಯಲ್ಲಿ, ಇವನು ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿದ್ದ. ಸಪ್ತಾಹಕ್ಕೆ ಅರ್ಧ ದಿನದ ರಜೆ ಹಾಕಿ, ಪಹರೆ ಮುಗಿಸಿ, ಮೂರೂ ಕಾಲಿನ ಬಸ್ಸು ಹಿಡಿದು ಕಚೇರಿಗೆ ಮರಳುತ್ತಿದ್ದ. ಇಪ್ಪತ್ತು ವರ್ಷ ಅವನು ಕೇಳಿದ್ದು ಎಂಟನೆಯ ಅಧ್ಯಾಯ ಒಂದನ್ನೇ. ಒಂಬತ್ತರಲ್ಲಿ ಏನಿದೆ ಎಂದು ಅವನು ಯಾರನ್ನೂ ಕೇಳಲಿಲ್ಲ. ಓಣಿಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಯಾರೂ ಹೇಳಲಿಲ್ಲ. ಅಂಜನಾ ಮಾತ್ರ ಪ್ರತಿವರ್ಷ ಸಪ್ತಾಹದ ಮೂರನೆಯ ದಿನ ಸಂಜೆ ಅವನು ಕಾಲು ತೊಳೆದುಕೊಳ್ಳುವಾಗ ಟವೆಲು ಹಿಡಿದು ನಿಂತು, "ಈ ವರ್ಷರ ಒಂಬತ್ತು ಕೇಳಿದ್ರೇನ್ರಿ?" ಎನ್ನುತ್ತಿದ್ದಳು. ಬಸ್ಸು ತಪ್ಪುತ್ತಿತ್ತು ಎಂದು ಅವನು ಹೇಳುತ್ತಿದ್ದ. ಒಂದು ದಿನ ಮನೆಯಲ್ಲಿರು ಎನ್ನುವುದನ್ನೇ ಹೀಗೆ ಸುತ್ತುಹಾಕಿ ಕೇಳುತ್ತಾಳೆ ಎಂದು ಅವನ ತಿಳಿವಳಿಕೆ.

ಎಂಟನೆಯ ಅಧ್ಯಾಯದ ಕಥೆ ಇಷ್ಟು. ಒಬ್ಬ ನೇಕಾರ ದೇವರಿಗೆ ಒಂದು ಶಾಲು ನೇಯುತ್ತೇನೆ, ಮುಗಿಯುವತನಕ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಬಿಟ್ಟು ಏಳುವುದಿಲ್ಲ ಎಂದು ವ್ರತ ಹಿಡಿಯುತ್ತಾನೆ. ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ ನೀರು ಕೇಳುತ್ತಾಳೆ. ಒಂದು ಸಲ ಕೇಳುತ್ತಾಳೆ, ಎರಡು ಸಲ ಕೇಳುತ್ತಾಳೆ. ಇವನ ಕಣ್ಣಲ್ಲಿ ನೀರಿಳಿಯುತ್ತದೆ, ಆದರೆ ಏಳುವುದಿಲ್ಲ. "ಮೂರನೆಯ ಸಲ ಕರೆದ ದನಿ ನಿಂತಿತು, ಲಾಳಿ ನಿಲ್ಲಲಿಲ್ಲ" ಎನ್ನುವಲ್ಲಿಗೆ ಅಧ್ಯಾಯ ಮುಗಿಯುತ್ತದೆ, ಗಂಟೆ ಬಾರಿಸುತ್ತಾರೆ. ಶಿವಾಜಿಯ ಅಪ್ಪ ಈ ಸಾಲಿಗೆ ಕಣ್ಣೊರೆಸಿಕೊಳ್ಳುತ್ತಿದ್ದ. ಶಿವಾಜಿಗೂ ಅದೇ ಭಕ್ತಿಯೆಂದು ಮೈಗೆ ಹತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಂಜನಾ ಏಳು ತಿಂಗಳ ಬಸುರಿ. ಶಿವಾಜಿ ವೀಣಾ ಹಿಡಿದು ನಿಂತಿದ್ದ, ಎಂಟನೆಯ ಅಧ್ಯಾಯ ಮುಗಿದು ಗಂಟೆಯಾಗಿತ್ತು. ಗಿರಿಮಲ್ಲಪ್ಪ ಸೀರೆಯ ಗಂಟು ಕೊಡಲು ಬನಹಟ್ಟಿಗೆ ಹೋದವನು ಇನ್ನೂ ಬಂದಿರಲಿಲ್ಲ. ಆಗ ಪಕ್ಕದ ಮನೆಯ ಯಂಕವ್ವ ಏದುಸಿರು ಬಿಡುತ್ತ ಹೊಸ್ತಿಲಿಗೆ ಬಂದು ನಿಂತಳು. "ಶಿವಾಜಿ, ಅಂಜನಾಗ ಭಾಳ ರಕ್ತ ಹೊಂಟೈತಿ. ಲಗೂನ ಬಾ," ಎಂದಳು. ಶಿವಾಜಿ ಸುತ್ತ ನೋಡಿದ. ಗುಡಿಯಲ್ಲಿದ್ದವರು ಪಹರೆ ಮಕ್ಕಳಿಗೆ ಒಪ್ಪಿಸಿ ಕೂತ ಮುದುಕರು, ಹೆಂಗಸರು. ವೀಣಾ ಅವನ ಎದೆಯ ಮೇಲಿತ್ತು. "ಗಿರಿಮಲ್ಲಪ್ಪ ಕಾಕಾ ಬರ್ಲಿ, ಬಂದೆ," ಎಂದ. ಯಂಕವ್ವ ಅವನ ಮುಖವನ್ನೊಮ್ಮೆ ನೋಡಿ ತಿರುಗಿ ಓಡಿದಳು. ಗಿರಿಮಲ್ಲಪ್ಪ ಬಂದಾಗ ನಾಲ್ಕು ಹೊಡೆದಿತ್ತು. ಶಿವಾಜಿ ಓಡಿ ಮನೆ ಮುಟ್ಟಿದಾಗ, ಆಗಷ್ಟೇ ನೆರೆದ ಓಣಿಯವರು ಅವಳನ್ನು ಜೀಪಿಗೆ ಹತ್ತಿಸುತ್ತಿದ್ದರು. ಜೀಪು ಜಮಖಂಡಿ ಮುಟ್ಟುವ ಮೊದಲೇ ಅಂಜನಾ ಹೋಗಿದ್ದಳು, ಹೊಟ್ಟೆಯ ಕೂಸೂ ಹೋಗಿತ್ತು.

ಒಂದು ತಾಸು ಮೊದಲು ಬಂದಿದ್ದರೆ ಉಳಿಯುತ್ತಿದ್ದಳು ಎಂದು ಯಾರೂ ಅವನಿಗೆ ಹೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಓಣಿಯವರು ಮಾತ್ರ ಅವನ ಭಕ್ತಿ ದೊಡ್ಡದು, ಪೋಥಿಯೊಳಗಿನ ನೇಕಾರನಂಥದ್ದು ಎಂದು ಹೊಗಳಿದರು. ಆ ಹೊಗಳಿಕೆ ಅವನಿಗೆ ಮೈಮೇಲೆ ಕಾದ ಎಣ್ಣೆ ಸುರಿದಂತಾಯಿತು. ಅವನು ಓಣಿಯ ಮನೆಗೆ ಬೀಗ ಹಾಕಿ ಜಮಖಂಡಿಯಲ್ಲಿ ಖೋಲಿ ಹಿಡಿದ. ಕೊರಳ ತುಳಸಿಮಾಲೆ ತೆಗೆದು ಒಂದು ಡಬ್ಬಿಯಲ್ಲಿ ಹಾಕಿಟ್ಟ. ದೇವರಿಲ್ಲ ಎನ್ನುವ ಧೈರ್ಯ ಬರಲಿಲ್ಲ, ಇದ್ದಾನೆ ಎನ್ನುವ ಆಸರೆಯೂ ಉಳಿಯಲಿಲ್ಲ. ಇದ್ದರೆ, ಒಂದು ಶಾಲಿಗಾಗಿ ತಾಯಿಯೊಬ್ಬಳನ್ನು ನೀರಡಿಸಿ ಸಾಯಗೊಡುವವನು ಅವನು. ಅಂಥವನ ಮುಂದೆ ಕೈ ಹೇಗೆ ಮುಗಿಯುವುದು? ಒಂದು ಮಾತು ಮಾತ್ರ ದಿನಾ ಊಟದ ತಾಟಿನ ಮುಂದೆ ಕೂತಾಗ ಬಂದು ಅವನ ಎದುರು ಕೂರುತ್ತಿತ್ತು. ಆ ಒಂದು ತಾಸು ಅಂಜನಾ ಒಬ್ಬಳೇ ಇದ್ದಳೇನು? ಅದನ್ನು ಬಲ್ಲವಳು ಯಂಕವ್ವ ಒಬ್ಬಳೇ. ಹೌದು, ಒಬ್ಬಳೇ ಇದ್ದಳು ಎಂದು ಆಕೆ ಅಂದುಬಿಟ್ಟರೆ? ಅದಕ್ಕೇ ನಾಲ್ಕು ವರ್ಷ ಅವನು ಆ ಬಾಗಿಲು ತುಳಿದಿರಲಿಲ್ಲ.

ಪಟ್ಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಓಣಿಯಲ್ಲಿ ಮೇಲಕ್ಕೆ ನಡೆದವನು ಗುಡಿಯ ಮುಂದೆ ಬಂದಾಗ ಒಳಗಿನಿಂದ ಯಾರೋ ಕರೆದರು. ಅವತ್ತು ಸಪ್ತಾಹದ ಮೂರನೆಯ ದಿನ. ಹೊಳೆ ಬಂದರೂ ಸಪ್ತಾಹ ಬಿಟ್ಟಿರಲಿಲ್ಲ. ಎಂಟನೆಯ ಅಧ್ಯಾಯ ಮುಗಿದ ಗಂಟೆಯ ಸಪ್ಪಳ ಈಗಷ್ಟೇ ಕೇಳಿಸಿತ್ತು. ಶಿವಾಜಿ ಬಿಟ್ಟ ಪಹರೆಗೆ ಈಗ ನಿಲ್ಲುತ್ತಿದ್ದ ಹುಡುಗ ವೀಣಾ ಒಪ್ಪಿಸಿ ಮನೆಗೆ ಓಡಿದ್ದ. ಗಿರಿಮಲ್ಲಪ್ಪ ಆಗತಾನೆ ಅದನ್ನು ಹಾಕಿಕೊಂಡು ಬಾಗಿಲ ಹತ್ತಿರ ಬಂದು ನಿಂತಿದ್ದ. ಐವತ್ತೈದರ ಗಟ್ಟಿ ಆಳು, ಮುಖದಲ್ಲಿ ಮಾತ್ರ ಜೀವವಿರಲಿಲ್ಲ.

"ಶಿವಾಜಿ, ಒಂದ್ ಗಳಿಗಿ ಬಾರೋ ಇಲ್ಲೆ."

ಶಿವಾಜಿ ಮೆಟ್ಟಿಲು ಹತ್ತಿ ಹೊಸ್ತಿಲ ಹೊರಗೇ ನಿಂತ. ನಾಲ್ಕು ವರ್ಷದಿಂದ ಇವನ ಜೊತೆಗೆ ಮಾತಿರಲಿಲ್ಲ. ಗಿರಿಮಲ್ಲಪ್ಪ ಗಡಬಡಿಸಿ ಹೇಳಿದ್ದರ ತಾತ್ಪರ್ಯ ಇಷ್ಟು. ಅವನ ಎರಡು ಪವರ್‌ಲೂಮಿನ ಮೋಟರುಗಳು ಇನ್ನೂ ನೆಲದ ಮೇಲಿವೆ, ಮನೆಯಲ್ಲಿ ಹೆಂಡತಿ ಒಬ್ಬಳೇ, ಎತ್ತಿ ಅಟ್ಟಕ್ಕಿಟ್ಟು ಬಂದುಬಿಡುತ್ತಾನೆ, ಗಂಡಸರೆಲ್ಲ ತಗ್ಗಿಗೆ ಹೋಗಿದ್ದಾರೆ. ಶಿವಾಜಿ ಬೇಡ ಎನ್ನುವುದಕ್ಕೆ ಬಾಯಿ ತೆರೆದು ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ವೀಣೆಯ ಪಟ್ಟಿ ಅವನ ಕೊರಳಲ್ಲಿ ಬಿದ್ದಿತ್ತು.

"ಒಂದು ಕಾಲು ಹೊಸ್ತಿಲ ಒಳಗ ಐತಿ, ಸಾಕು," ಎಂದು ಗಿರಿಮಲ್ಲಪ್ಪ ಮೆಟ್ಟಿಲಿಳಿದು ಓಡಿದ.

ಒಳಗೆ ಉಳಿದವಳು ಸಾತವ್ವ ಒಬ್ಬಳೇ. ಎಪ್ಪತ್ತು ದಾಟಿದ ಮುದುಕಿ. ಗಂಡ ಇರುವತನಕ ಅವನು ಪೋಥಿ ಓದುತ್ತಿದ್ದ. ಅವನು ಹೋದ ಮೇಲೆ ಆ ಹಳೆಯ ಕೈಬರಹ ಬಿಡಿಸಬಲ್ಲವರು ಬೇರೆ ಯಾರೂ ಇರಲಿಲ್ಲವಾಗಿ ಪಂಚರು ತಲೆ ಕೆರೆದುಕೊಂಡು ಪೋಥಿಯನ್ನು ಅವಳ ಮುಂದಿಟ್ಟಿದ್ದರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದಳು. ವೀಣಾ ಕೊರಳು ಬದಲಿಸಿದ್ದನ್ನು ಕಂಡಳು, ಯಾರ ಕೊರಳು ಎನ್ನುವುದನ್ನೂ ಕಂಡಳು. ಒಂದು ಕ್ಷಣ ತಡೆದು, ಹಾಳೆ ತಿರುವಿ, ಒಂಬತ್ತನೆಯ ಅಧ್ಯಾಯ ಹಿಡಿದಳು.

ಶಿವಾಜಿ ವಿಠೋಬಾನ ಕಡೆ ನೋಡಲಿಲ್ಲ. ಎಂದಾದರೊಮ್ಮೆ ಈ ವೀಣಾ ಕೈಗೆ ಸಿಕ್ಕರೆ ನೆಲಕ್ಕೆ ಇಟ್ಟುಬಿಡಬೇಕು, ಏನಾಗುತ್ತದೋ ನೋಡೇಬಿಡಬೇಕು ಎಂದು ಅವನು ಜಮಖಂಡಿಯ ಖೋಲಿಯಲ್ಲಿ ಎಷ್ಟೋ ಸಲ ಯೋಚಿಸಿದ್ದ. ಈಗ ಸಿಕ್ಕಿತ್ತು. ಆದರೆ ಬೆರಳು ಅವನನ್ನು ಕೇಳದೆ ತಂತಿಗೆ ಹೋಗಿತ್ತು.

ಸಾತವ್ವನ ದನಿ ಸಣ್ಣದು, ಮಗ್ಗದ ಸಪ್ಪಳವಿಲ್ಲದ ಓಣಿಯಲ್ಲಿ ಸ್ವಚ್ಛ ಕೇಳುತ್ತಿತ್ತು.

"ಶಾಲು ಮುಗಿಯಿತು. ನೇಕಾರನು ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮುಂದೆ ನಿಂತನು. ತೆಗೆದುಕೋ ಎಂದನು. ದೇವರು ಕೈ ಚಾಚಲಿಲ್ಲ. ಯಾಕೆ ತಂದೆ, ನೇಯ್ಗೆಯಲ್ಲಿ ತಪ್ಪಿದೆಯೇ ಎಂದನು. ದೇವರು ನುಡಿದನು: ತಪ್ಪಿಲ್ಲ ಮಗನೇ, ಸ್ವಲ್ಪ ತಡೆ. ನನ್ನ ಕೈ ಒದ್ದೆಯಾಗಿವೆ, ಶಾಲು ತೋಯುತ್ತದೆ."

ಶಿವಾಜಿಯ ಬೆರಳು ತಂತಿಯ ಮೇಲೆ ನಿಂತಿತು.

"ಎಲ್ಲಿಯ ನೀರು ತಂದೆ ಎಂದನು. ನಿನ್ನ ತಾಯಿಯ ಬಾಯಿಗೆ ಹಿಡಿದ ನೀರು ಎಂದನು."

ಇಷ್ಟು ಹೇಳಿ ಪೋಥಿ ಬೇರೆ ದಾರಿ ಹಿಡಿಯಿತು. ಬರೆದ ಅಜ್ಜ ನೇಕಾರ ನೋಡಿ, ಶಾಲಿನ ವರ್ಣನೆಗೆ ಕುಳಿತುಬಿಟ್ಟಿದ್ದ. ಅಂಚು ಎಂಥದ್ದು, ಸೆರಗಿನ ಬುಟ್ಟಾ ಎಷ್ಟು, ಯಾವ ಎಳೆಗೆ ಯಾವ ಬಣ್ಣ. ಮುಂದೆ ಏನು? ದೇವರೇ ನೀರು ಹಿಡಿದನೆಂದರೆ ಏನರ್ಥ? ನೇಕಾರ ಎದ್ದು ಹೋಗಬೇಕಿತ್ತೋ, ಬೇಡವಿತ್ತೋ? ಕೇಳಲು ತಿರುಗಿದ ಶಿವಾಜಿಯ ಕಣ್ಣು ಬಾಗಿಲಿನಾಚೆ ಹೋಯಿತು.

ಹೊಳೆ ಆ ಓಣಿಗೆ ಮೊದಲು ದಂಡೆ ಹತ್ತಿ ಬರುವುದಿಲ್ಲ, ಗಟಾರಿನಿಂದ ಬರುತ್ತದೆ. ಓಣಿಯ ಬಣ್ಣದ ನೀರು, ದಾರದ ಕಸ ಹೊತ್ತುಕೊಂಡು ದಿನಾ ಕೆಳಕ್ಕೆ ಹರಿಯುವ ಗಟಾರು ಗುಡಿಯ ಮೆಟ್ಟಿಲ ಬದಿಗೇ ಇತ್ತು. ಈಗ ಅದರಲ್ಲಿ ಕೆಂಪು ದಾರದ ಒಂದು ಸಿಂಬಿ ಮೇಲಕ್ಕೆ ಬರುತ್ತಿತ್ತು. ನಿಧಾನಕ್ಕೆ, ಯಾರೋ ಜಗ್ಗಿದಂತೆ. ನೋಡುತ್ತಿದ್ದಂತೆ ಗಟಾರು ತುಂಬಿ ಓಣಿಯ ಮೇಲೆ ನೀರು ತೆಳ್ಳಗೆ ಹಾಸಿಕೊಂಡಿತು. ಗುಡಿಯ ಹತ್ತಿರವೇ ಹೀಗಿದ್ದರೆ ತಗ್ಗಿನ ತುದಿಯಲ್ಲಿ ಎಷ್ಟಿರಬೇಕು? ಶಿವಾಜಿಯ ಕಣ್ಣ ಮುಂದೆ ಪಟ್ಟಿಯ ಖಾಲಿ ಗೆರೆ ಬಂತು.

ಅವನು ಹೊಸ್ತಿಲಿಗೆ ಬಂದು ಕೂಗಿದ. ಗಿರಿಮಲ್ಲಪ್ಪನನ್ನು ಕೂಗಿದ, ಹೆಸರು ನೆನಪಾದವರನ್ನೆಲ್ಲ ಕೂಗಿದ. ಟ್ರ್ಯಾಕ್ಟರಿನ ಸದ್ದು, ದನ ಹೊಡೆಯುವವರ ಗದ್ದಲ, ಹೊಳೆಯ ಮೊರೆತ. ಯಾರೂ ತಿರುಗಲಿಲ್ಲ. ಮೆಟ್ಟಿಲಿನ ಮೇಲೆ ಒಂದು ಕಾಲು ಇಟ್ಟ, ವೀಣಾ ಬಾಗಿಲ ಚೌಕಟ್ಟಿಗೆ ಬಂದು ತಟ್ಟಿತು. ಹಿಂದಕ್ಕೆ ಸರಿದ. ಅದೇ ಹೊಸ್ತಿಲು, ಅದೇ ದಿನ, ಅದೇ ಮೂರು ಗಂಟೆಯ ಬಿಸಿಲಿಲ್ಲದ ಬೆಳಕು. ಮನೆಯಲ್ಲಿ ಒಬ್ಬಳು ಹೆಂಗಸು, ಕೊರಳಲ್ಲಿ ವೀಣಾ, ಬರಬೇಕಾದವನು ಗಿರಿಮಲ್ಲಪ್ಪ.

"ಆಯಿ," ಎಂದ.

ಸಾತವ್ವ ಓದುತ್ತಲೇ ಕಣ್ಣೆತ್ತಿದಳು.

"ಯಂಕವ್ವ ಕಾಕುಗ ನಾ ಹೇಳೇ ಇಲ್ಲ. ಎಲ್ಲಾರ್ಗೂ ಹೇಳೇನಿ, ಆಕಿಗಷ್ಟ ಹೇಳಿಲ್ಲ. ಬಾಗಿಲತನಾ ಹೋಗಿ ಬಂದೇನಿ. ಆಕಿ ಕಣ್ಣಿಗೆ ಪಟ್ಟಿ ಐತಿ. ಗಟಾರು ತಿರುಗೇತಿ, ಆಯಿ. ನಾ ಏನ ಮಾಡ್ಲಿ?"

ಸಾತವ್ವನ ಬಾಯಿ ಶಾಲಿನ ಅಂಚನ್ನೇ ಹೇಳುತ್ತಿತ್ತು, ಕಣ್ಣು ಮಾತ್ರ ದೊಡ್ಡವಾದವು. ಅಧ್ಯಾಯದ ನಡುವೆ ಆಕೆ ಸ್ವಂತ ಮಾತು ಆಡುವಂತಿಲ್ಲ. ಆಡಿದರೆ ಇಪ್ಪತ್ತೊಂದು ಅಧ್ಯಾಯವೂ ವ್ಯರ್ಥ. ಶಿವಾಜಿ ವೀಣೆಯ ಪಟ್ಟಿಗೆ ಕೈ ಹಾಕಿದ. ನೆಲ ಅವನ ಕಾಲ ಕೆಳಗೇ ಇತ್ತು, ಬಾಗಿ ಇಟ್ಟರೆ ಮುಗಿಯಿತು. ನಾಲ್ಕು ವರ್ಷ ಸಿಟ್ಟಿನಲ್ಲಿ ಮಾಡಬೇಕೆಂದಿದ್ದ ಕೆಲಸ. ಅಂದು ಇಡದೆ ಹೆಂಡತಿಯನ್ನು ಕಳಕೊಂಡೆ, ಇಂದು ಇಟ್ಟು ಇಡೀ ಓಣಿಯ ಪುಣ್ಯ ಕಳೆಯುತ್ತೇನೆ, ನನಗೆ ಯಾವ ಬದಿಗೂ ದಾರಿಯಿಲ್ಲ ಎಂದು ಅವನಿಗೆ ಅನಿಸಿತು.

ಆಗ ಸಾತವ್ವ ಜೀವನದಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದಳು. ಹಾಳೆ ಬಿಟ್ಟು ಹಾಳೆ ತಿರುವಿದಳು. ಒಂದಲ್ಲ, ನಾಲ್ಕಾರು ಹಾಳೆ. ಬೆರಳು ಎಂಜಲು ಮಾಡಿಕೊಂಡು ಹುಡುಕಿ ಒಂದು ಕಡೆ ನಿಂತಳು. ಅವನ ಮುಖ ನೋಡುತ್ತ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಓದಿದಳು.

"ನಾನು ಎದ್ದು ಹೋಗಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ನೇಕಾರನು ಕೇಳಿದನು. ದೇವರು ನುಡಿದನು: ನೀನು ಎದ್ದಿದ್ದರೆ ನಾನು ನಿನ್ನ ಮಗ್ಗದ ಕುಣಿಯಲ್ಲಿ ಇಳಿದು ಕೂತು ನೇಯುತ್ತಿದ್ದೆ. ನೀನು ಏಳಲಿಲ್ಲ, ಅದಕ್ಕೆ ನೀರು ಹಿಡಿದೆ. ಎರಡು ಕೆಲಸದಲ್ಲಿ ಒಂದು ನನ್ನ ಪಾಲಿಗೆ ಇದ್ದೇ ಇತ್ತು. ನೀನು ಎಲ್ಲಿರಲಿಲ್ಲವೋ ಅಲ್ಲಿ ನಾನಿದ್ದೆ."

ಉಸಿರು ತೆಗೆದುಕೊಂಡಳು.

"ಹಾಗಾದರೆ ನಿನಗೆ ಯಾವುದು ಬೇಕಾಗಿತ್ತು ಎಂದನು. ದೇವರು ನುಡಿದನು: ಶಾಲಿಲ್ಲದಿದ್ದರೆ ನನಗೆ ಚಳಿಯಾಗುವುದಿಲ್ಲ. ಆಕೆಗೆ ನೀರಡಿಕೆಯಾಗಿತ್ತು."

ಶಿವಾಜಿ ಕಂಬ ಹಿಡಿದುಕೊಂಡ. ಆ ಮಾತು ಅವನನ್ನು ಹೊಡೆಯಿತು. ಹೊಡೆದ ಕೈಯೇ ಬೆನ್ನ ಮೇಲೆ ಬಂದು ಕೂತಿತು. ಎದ್ದು ಹೋಗಬೇಕಿತ್ತು, ಹೌದು, ಹೋಗಬೇಕಿತ್ತು. ಆದರೆ ಹೋಗಲಿಲ್ಲವೆಂದು ಅಲ್ಲಿ ಯಾರೂ ಇರಲಿಲ್ಲ ಎಂದಲ್ಲ. ಇಪ್ಪತ್ತು ವರ್ಷ ಅರ್ಧ ಕಥೆಯ ಮುಂದೆ ನಿಂತು ಅದನ್ನೇ ದೇವರೆಂದುಕೊಂಡಿದ್ದ. ಉಳಿದರ್ಧ ಮೂರೂ ಕಾಲಿನ ಬಸ್ಸಿನ ಆಚೆಗಿತ್ತು.

ಸಾತವ್ವ ಅದೇ ಸಾಲನ್ನು ಮತ್ತೆ ಹೇಳುತ್ತ ಎದ್ದಳು. ಪೋಥಿ ನೋಡಬೇಕಿರಲಿಲ್ಲ, ಬಾಯಿಗೆ ಬರುತ್ತಿತ್ತು. ಮೊಣಕಾಲಿಗೆ ಕೈಯೂರಿ ಅವನ ಮುಂದೆ ಬಂದು ನಿಂತು, ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿ, ಕುತ್ತಿಗೆ ಬಗ್ಗಿಸಿದಳು. ಆ ಓಣಿಯಲ್ಲಿ ಹೆಣ್ಣಿನ ಕೊರಳಿಗೆ ವೀಣಾ ಬಿದ್ದದ್ದೇ ಇಲ್ಲ. ಬೀಳಬಹುದೆಂದು ಯಾರೂ ನೆನೆಸಿಯೂ ಇರಲಿಲ್ಲ. ನೆನೆಸಿದ್ದರೆ ನಾಲ್ಕು ವರ್ಷದ ಹಿಂದೆಯೂ ಆ ಕೊರಳು ಅಲ್ಲಿಯೇ ಇತ್ತು.

ಶಿವಾಜಿ ವೀಣಾ ತೆಗೆದು ಅವಳ ಕೊರಳಿಗೆ ಹಾಕಿದ. ಕಾಲು ಮುಟ್ಟಲು ಬಾಗಿದವನ ಭುಜ ಹಿಡಿದು ಆಕೆ ಬಾಗಿಲ ಕಡೆಗೆ ದಬ್ಬಿದಳು. ಬಾಯಲ್ಲಿ ಮಾತ್ರ ಪೋಥಿ.

ಅವನು ಓಡಿದ. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ, ಓಣಿಯ ಅರ್ಧಕ್ಕೆ ಬಂದಾಗ ಮೊಣಕಾಲಿನ ನೀರು. ಗಿರಿಮಲ್ಲಪ್ಪ ತನ್ನ ಮನೆಯ ಬಾಗಿಲಲ್ಲಿ ಎರಡನೆಯ ಮೋಟರನ್ನು ಎದೆಗವಚಿಕೊಂಡು ನಿಂತಿದ್ದ. ಇವನನ್ನು ಕಂಡು ಅವನ ದನಿ ಒಡೆಯಿತು.

"ಲೇ, ವೀಣಾ ಎಲ್ಲೈತೋ?"

"ಸಾತವ್ವಾಯಿ ಕೊಳ್ಳಾಗ."

"ಹೆಣ್ಣಮಗಳ ಕೊಳ್ಳಾಗ ಹಾಕಿ ಬಂದ್ಯಾ?"

"ನೆಲಕ್ಕ ಇಟ್ಟಿಲ್ಲ, ಕಾಕಾ. ಓದು ನಡದೈತಿ." ಶಿವಾಜಿ ನಿಲ್ಲಲಿಲ್ಲ. "ಯಂಕವ್ವ ಕಾಕು ಒಳಗ ಅದಾಳ. ಮೋಟರ್ ಇಟ್ಟು ಬರ್ರಿ."

ಗಿರಿಮಲ್ಲಪ್ಪ ಮೋಟರನ್ನು ನೋಡಿದ, ಓಣಿಯ ತುದಿಯನ್ನು ನೋಡಿದ. ಇಡಲು ಎತ್ತರದ ಜಾಗ ಹುಡುಕುವಷ್ಟು ಹೊತ್ತಿರಲಿಲ್ಲ. ಅದನ್ನು ನೀರಿನೊಳಗೇ ಬಿಟ್ಟು, ಮೇಲಿನ ಶಾಲೆಗೆ ನಡಿ ಎಂದು ಹೆಂಡತಿಗೆ ಕೂಗಿ ಹೇಳಿ, ಹಿಂದೆ ಬಂದ.

ಯಂಕವ್ವನ ಬಾಗಿಲು ನೀರಿನ ಭಾರಕ್ಕೆ ಬಿಗಿದುಕೊಂಡಿತ್ತು. ಇಬ್ಬರೂ ಭುಜ ಕೊಟ್ಟು ದೂಡಿದರು. ಒಳಗೆ ಹೊಳೆ ಹಿತ್ತಲಿನಿಂದ ಬಂದು ಮಂಚದ ಹಲಗೆ ಮುಟ್ಟಿತ್ತು. ಯಂಕವ್ವ ಮಂಚದ ನಡುವೆ ಕಾಲು ಮೇಲೆತ್ತಿಕೊಂಡು ಕೂತು, ಒಂದು ಕೈಯಿಂದ ನೀರು ಎಲ್ಲಿಗೆ ಬಂತೆಂದು ಮುಟ್ಟಿಮುಟ್ಟಿ ನೋಡುತ್ತಿದ್ದಳು. ಕಣ್ಣ ಮೇಲೆ ಬಿಳಿ ಪಟ್ಟಿ.

"ಯಾರವರು?"

"ನಾನ್ರಿ ಕಾಕು. ಶಿವಾಜಿ."

ಆಕೆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಕೈ ಇನ್ನೂ ನೀರಿನಲ್ಲೇ ಇತ್ತು.

"ಕೂಗಿ ಕೂಗಿ ಗಂಟಲ ಬಿತ್ತು. ನೀ ಬರ್ತಿ ಅಂದುಕೊಂಡಿರಲಿಲ್ಲ," ಎಂದಳು.

ಶಿವಾಜಿ ಅವಳನ್ನು ಬೆನ್ನಿಗೆ ಹಾಕಿಕೊಂಡ. ಗಿರಿಮಲ್ಲಪ್ಪ ಮುಂದೆ ನಡೆದು ಕೋಲಿನಿಂದ ಗಟಾರಿನ ಗುಂಡಿ ತಡಕಾಡುತ್ತ ದಾರಿ ಮಾಡಿದ. ನೀರು ನಡು ಮುಟ್ಟಿತ್ತು, ಸೆಳೆತ ಕಾಲು ಎಳೆಯುತ್ತಿತ್ತು. ಮುದುಕಿ ಹಗುರ, ಅವಳ ಉಸಿರು ಅವನ ಕಿವಿಗೆ ತಾಗುತ್ತಿತ್ತು. ಗಿರಿಮಲ್ಲಪ್ಪನ ಮನೆ ದಾಟಿದ ಮೇಲೆ ನೆಲ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಅಲ್ಲಿ ಶಿವಾಜಿ ನಾಲ್ಕು ವರ್ಷದ ಮಾತನ್ನು ಕೇಳಿದ. ಮುಖ ಕಾಣುವುದಿಲ್ಲವಾಗಿ ಕೇಳಲು ಸಾಧ್ಯವಾಯಿತೋ ಏನೋ.

"ಕಾಕು, ಅವತ್ತ ನೀವು ಗುಡಿಗೆ ಬಂದು ಹೇಳಿ ಹ್ವಾದ್ರಲ್ಲ. ಆಮ್ಯಾಲ ಆಕಿ ಹತ್ರ ಯಾರಿದ್ರು?"

"ನಾ ಇದ್ದೆನಲ್ಲೋ, ಹುಚ್ಚಪ್ಪಾ." ಯಂಕವ್ವನ ಕೈ ಅವನ ಎದೆಯ ಮೇಲೆ ಬಿಗಿಯಾಯಿತು. "ಎಲ್ಲಿಗೆ ಹೋಗ್ಲಿ ಬಿಟ್ಟು? ನನ್ನ ತೊಡಿ ಮ್ಯಾಲ ತಲಿ ಇಟಗೊಂಡಿದ್ಲು. ಎರಡ ಸಲ ನೀರ ಕೇಳಿದ್ಲು, ಕುಡಿಸಿದೆ. ಪೋಥಿ ಎಲ್ಲೀತನಾ ಬಂತು ಅಂದ್ಲು. ಎಂಟು ಮುಗೀತವ್ವಾ ಅಂದೆ. ಹಂಗಾರ ಇವತ್ತರ ಒಂಬತ್ತು ಕೇಳಿ ಬರ್ತಾರೇನೊ ಅಂತ ನಕ್ಕಳು. ಇದನ್ನ ನಿನಗ ಹೇಳಬೇಕಂತ ಎಷ್ಟ ದಾರಿ ನೋಡಿದ್ನೋ. ನೀ ಈ ಕಡೆ ಹಾಯಲೇ ಇಲ್ಲ."

ಮುಂದೆ ನಡೆಯುತ್ತಿದ್ದ ಗಿರಿಮಲ್ಲಪ್ಪ ಕೋಲು ನಿಲ್ಲಿಸಿ, ತಿರುಗಿ ನೋಡದೆ, ಹೆಗಲ ಮೇಲಿನ ಒದ್ದೆ ಟವೆಲ್ಲನ್ನು ಹಿಂದಕ್ಕೆ ಚಾಚಿದ. ಶಿವಾಜಿ ಒಂದು ಕೈಯಿಂದ ಅದನ್ನು ಇಸಿದುಕೊಂಡು ಮುಖ ಒರೆಸಿಕೊಂಡ.

ಗುಡಿಯ ಮೂರು ಮೆಟ್ಟಿಲು ಮುಳುಗಿದ್ದವು. ಅದರಾಚೆಗೆ ಹೊಳೆ ಎಂದೂ ಹತ್ತಿದ್ದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಒಳಗಿನಿಂದ ತಂತಿಯ ಒಂದೇ ಸ್ವರ ಕೇಳುತ್ತಿತ್ತು. ಕಲಿಯದ ಕೈಯ ಸ್ವರ, ಒಮ್ಮೆ ಗಡಸು, ಒಮ್ಮೆ ಮೆತ್ತಗೆ. ಸಾತವ್ವ ಪೋಥಿಯ ಮುಂದೆ ಮತ್ತೆ ಕೂತಿದ್ದಳು, ವೀಣೆಯ ಬುರುಡೆ ಅವಳ ತೊಡೆಯ ಮೇಲಿತ್ತು. ಹಾರಿಸಿದ್ದ ಹಾಳೆಗಳನ್ನೆಲ್ಲ ಹಿಂದಕ್ಕೆ ತಿರುವಿ, ಶಾಲಿನ ಅಂಚು ಬಿಟ್ಟಲ್ಲಿಂದ ಹಿಡಿದು ಓದುತ್ತಿದ್ದಳು.

ಗಿರಿಮಲ್ಲಪ್ಪ ಕಾಲು ಒರೆಸಿಕೊಂಡು ತನ್ನ ಪಹರೆಗೆಂದು ಹತ್ತಿರ ಹೋಗಿ ಕೈ ಚಾಚಿದ. ಸಾತವ್ವ ಓದುತ್ತಲೇ ತಲೆ ಅಲ್ಲಾಡಿಸಿದಳು. ಅಧ್ಯಾಯ ಇನ್ನೂ ಮುಗಿದಿರಲಿಲ್ಲ. ಅವನು ಎರಡು ಗಳಿಗೆ ಹಾಗೇ ನಿಂತಿದ್ದು, ಕೊನೆಗೆ ಕಂಬಕ್ಕೆ ಒರಗಿ ಕೂತ.

ಶಿವಾಜಿ ಯಂಕವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ. ಕಿಸೆಯ ಪಟ್ಟಿ ಒದ್ದೆಯಾಗಿತ್ತು, ಆದರೂ ಖಾಲಿ ಗೆರೆ ಕಾಣುತ್ತಿತ್ತು. ಅದನ್ನು ಹಾಗೇ ಮಡಚಿ ಇಟ್ಟ. ಓದು ಮುಗಿದ ಮೇಲೆ ಇವರನ್ನೆಲ್ಲ ಮೇಲಿನ ಶಾಲೆಗೆ ಕರೆದುಕೊಂಡು ಹೋಗಬೇಕು, ಅದಕ್ಕಿನ್ನೂ ಹೊತ್ತಿತ್ತು.

"ಕುಂತ್ಯಾ?" ಎಂದು ಯಂಕವ್ವ ಮೆಲ್ಲಗೆ ಕೇಳಿದಳು.

"ಕುಂತೇನ್ರಿ."

"ಹೂಂ. ಕೇಳು."

ಸಾತವ್ವ ಸೆರಗಿನ ಬುಟ್ಟಾ ಎಣಿಸುತ್ತಿದ್ದಳು. ಶಿವಾಜಿ ಒಂದೊಂದು ಎಳೆಯನ್ನೂ ಕೇಳಿದ. ದೇವರು ಕೈ ಒರೆಸಿಕೊಂಡು ಶಾಲು ಹೊದ್ದುಕೊಳ್ಳುವಲ್ಲಿಗೆ ಅಧ್ಯಾಯ ಮುಗಿಯುವುದೆಂದು ಅವನಿಗೆ ಆ ದಿನ ಗೊತ್ತಾಯಿತು. ಗಂಟೆ ಬಾರಿಸಲು ಎದ್ದವನು ಅವನೇ.